ಸೋತವರ ಮೇಲೆ ಹೇರಿದ ಶಾಂತಿ: ಟ್ರಿಯಾನಾನ್ ಒಪ್ಪಂದ ಮತ್ತು ಗಡಿಯ ಶಾಲೆಗಳು



ಮೂರು ದಶಕಗಳಿಗೂ ಹೆಚ್ಚು ಕಾಲ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಓದಿದ್ದು ಕನ್ನಡ ಎಂ.ಎ. ಆದರೂ ಸಮಾಜ ವಿಜ್ಞಾನದ ಅಧ್ಯಾಪಕರ ಹುದ್ದೆ ಖಾಲಿ ಇದ್ದಾಗಲೆಲ್ಲ ಚರಿತ್ರೆಯ ಪಾಠವೂ ನನ್ನ ಪಾಲಿಗೆ ಬರುತ್ತಿತ್ತು. ಆ ಹುದ್ದೆ ಖಾಲಿ ಇಲ್ಲದ ವರ್ಷಗಳು ಕಡಿಮೆಯೇ. ಒಂದನೆಯ ಮಹಾಯುದ್ಧದ ಪಾಠ ಬಂದಾಗ ನಾನೂ ಎಲ್ಲರಂತೆ, ‘ವರ್ಸೇಲ್ಸ್ ಒಪ್ಪಂದವು ಅನ್ಯಾಯದ ಒಪ್ಪಂದ, ಎರಡನೆಯ ಮಹಾಯುದ್ಧದ ಬೀಜ ಅದರಲ್ಲಿಯೇ ಇತ್ತು’ ಎಂದು ಹೇಳಿ, ಐದು ಅಂಶಗಳನ್ನು ಹಲಗೆಯ ಮೇಲೆ ಬರೆದು ಮುಗಿಸುತ್ತಿದ್ದೆ. ಒಂದು ವರ್ಷ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಗೆದ್ದವರು ಅನ್ಯಾಯ ಮಾಡಿದರು ಅಂತ ಹೇಳಿದಿರಿ. ಸೋತವರು ಗೆದ್ದಿದ್ದರೆ ನ್ಯಾಯ ಮಾಡುತ್ತಿದ್ದರಾ?”

ಆ ದಿನ ನನಗೆ ತಿಳಿದಷ್ಟು ಉತ್ತರ ಹೇಳಿದೆ. 1918ರ ಮಾರ್ಚ್ 3ರಂದು ಇದೇ ಜರ್ಮನಿಯು ಬ್ರೆಸ್ಟ್–ಲಿಟೋವ್ಸ್ಕ್ ಎಂಬಲ್ಲಿ ಸೋತ ರಷ್ಯದಿಂದ ಪೋಲೆಂಡ್, ಬಾಲ್ಟಿಕ್ ಪ್ರದೇಶಗಳು, ಉಕ್ರೇನ್ ಎಲ್ಲವನ್ನೂ ಕಳಚಿಕೊಂಡಿತ್ತು. 1871ರಲ್ಲಿ ಸೋತ ಫ್ರಾನ್ಸಿನಿಂದ 500 ಕೋಟಿ ಫ್ರಾಂಕುಗಳ ದಂಡವನ್ನೂ ಆಲ್ಸೇಸ್–ಲೊರೇನನ್ನೂ ವಸೂಲು ಮಾಡಿತ್ತು. ಹುಡುಗಿ ತಲೆಯಾಡಿಸಿ ಕುಳಿತಳು. ಆದರೆ ನನಗೇ ಸಮಾಧಾನವಾಗಲಿಲ್ಲ. ‘ಅವರೂ ಹಾಗೆಯೇ ಮಾಡಿದ್ದರು’ ಎಂಬುದು ಸಮಜಾಯಿಷಿಯೇ ಹೊರತು ನ್ಯಾಯದ ವಿಚಾರವಲ್ಲ. ಆಮೇಲೆ ಬಹುಕಾಲ ಓದುತ್ತ ಹೋದಾಗ ಅವಳ ಪ್ರಶ್ನೆಗೆ ಸರಿಯಾದ ಉತ್ತರ ಜರ್ಮನಿಯ ಕತೆಗಿಂತ ಹಂಗೇರಿಯ ಕತೆಯಲ್ಲಿದೆ ಎಂದು ಕಂಡಿತು. ಏಕೆಂದರೆ ಅಲ್ಲಿ ಒಪ್ಪಂದದ ಹಿಂದೆ, ಒಪ್ಪಂದದ ಒಳಗೆ, ಒಪ್ಪಂದದ ಮುಂದೆ, ಮೂರೂ ಕಡೆ ಶಾಲೆ ಇದೆ. ನಮ್ಮಂಥ ಗಡಿನಾಡಿನವರು ತಿಳಿದಿರಬೇಕಾದ ಚರಿತ್ರೆ ಅದು.

ಮೊದಲು ಸಂಗತಿಗಳನ್ನು ನೋಡೋಣ. ಒಂದನೆಯ ಮಹಾಯುದ್ಧದ ಬಳಿಕ ಸೋತ ರಾಷ್ಟ್ರಗಳ ಜೊತೆ ಪ್ಯಾರಿಸ್ಸಿನ ಸುತ್ತಮುತ್ತ ಐದು ಒಪ್ಪಂದಗಳಾದವು. ಜರ್ಮನಿಯದು ವರ್ಸೇಲ್ಸಿನಲ್ಲಿ, ಹಂಗೇರಿಯದು 1920ರ ಜೂನ್ 4ರಂದು ಅದೇ ವರ್ಸೇಲ್ಸಿನ ಟ್ರಿಯಾನಾನ್ ಅರಮನೆಯಲ್ಲಿ. ಯುದ್ಧಕ್ಕೆ ಮುಂಚೆ, ಕ್ರೊಯೇಷಿಯವನ್ನು ಬಿಟ್ಟು ಲೆಕ್ಕ ಹಾಕಿದರೂ, ಹಂಗೇರಿ ರಾಜ್ಯದ ವಿಸ್ತೀರ್ಣ ಸುಮಾರು 2,82,000 ಚದರ ಕಿಲೋಮೀಟರ್ ಇತ್ತು. ಒಪ್ಪಂದದ ಬಳಿಕ ಉಳಿದದ್ದು ಸುಮಾರು 93,000. ಜನಸಂಖ್ಯೆ 1 ಕೋಟಿ 82 ಲಕ್ಷದಿಂದ 76 ಲಕ್ಷಕ್ಕೆ ಇಳಿಯಿತು. ಟ್ರಾನ್ಸಿಲ್ವೇನಿಯವೂ ಅದರ ಪಕ್ಕದ ಪ್ರದೇಶಗಳೂ ರುಮೇನಿಯಕ್ಕೆ, ಉತ್ತರದ ಸ್ಲೋವಾಕ್ ನಾಡು ಹೊಸದಾಗಿ ಹುಟ್ಟಿದ ಜೆಕೊಸ್ಲೊವಾಕಿಯಕ್ಕೆ, ದಕ್ಷಿಣದ ಭಾಗ ಸರ್ಬರು, ಕ್ರೋಟರು, ಸ್ಲೋವೀನರು ಕೂಡಿ ಕಟ್ಟಿದ ರಾಜ್ಯಕ್ಕೆ, ಪಶ್ಚಿಮದ ಒಂದು ಪಟ್ಟಿ ಆಸ್ಟ್ರಿಯಕ್ಕೆ ಸೇರಿದವು. ಸೈನ್ಯವನ್ನು 35,000 ಜನಕ್ಕೆ ಮಿತಗೊಳಿಸಲಾಯಿತು. 1910ರ ಜನಗಣತಿಯ ಪ್ರಕಾರ ಹಂಗೇರಿಯನ್ ಮಾತೃಭಾಷೆಯ 30 ಲಕ್ಷಕ್ಕೂ ಹೆಚ್ಚು ಜನರು ತಾವಿದ್ದ ಮನೆಯಲ್ಲಿಯೇ ಇದ್ದುಕೊಂಡು ಪರರಾಜ್ಯದ ಪ್ರಜೆಗಳಾದರು.

ಇದು ನ್ಯಾಯವೇ? ಈ ಪ್ರಶ್ನೆಯನ್ನು ಒಂದೇ ಏಟಿಗೆ ‘ಹೌದು’ ಅಥವಾ ‘ಅಲ್ಲ’ ಎಂದು ಮುಗಿಸಿದರೆ ತಪ್ಪಾಗುತ್ತದೆ. ಇದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ: ಹಳೆಯ ರಾಜ್ಯ ಒಡೆದದ್ದು ಸರಿಯೇ? ಒಡೆದ ವಿಧಾನ ಸರಿಯೇ? ಒಡೆದ ಮೇಲೆ ಗಡಿಯ ತಪ್ಪು ಬದಿಯಲ್ಲಿ ಉಳಿದವರನ್ನು ನಡೆಸಿಕೊಂಡ ರೀತಿ ಸರಿಯೇ?

ಮೊದಲ ಪ್ರಶ್ನೆಗೆ ಉತ್ತರ ಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ಹಳೆಯ ಹಂಗೇರಿಯಲ್ಲಿ ಹಂಗೇರಿಯನ್ ಭಾಷಿಕರು ಅರ್ಧಕ್ಕಿಂತ ತುಸು ಹೆಚ್ಚು. ಉಳಿದವರು ರುಮೇನಿಯನ್ನರು, ಸ್ಲೋವಾಕರು, ಜರ್ಮನರು, ಸರ್ಬರು, ರುಥೇನಿಯನ್ನರು. 1868ರಲ್ಲಿ ಆ ದೇಶ ‘ರಾಷ್ಟ್ರೀಯತೆಗಳ ಕಾನೂನು’ ಎಂಬುದೊಂದನ್ನು ಮಾಡಿತು. ಆ ಕಾಲಕ್ಕೆ ಅದು ಉದಾರವಾದ ಕಾನೂನೇ. ಕೆಳಗಿನ ಹಂತದ ಶಾಲೆಗಳಲ್ಲಿ ಮಕ್ಕಳಿಗೆ ಅವರವರ ಭಾಷೆಯಲ್ಲಿ ಪಾಠ ದೊರೆಯಬೇಕೆಂಬ ಮಾತು ಅದರಲ್ಲಿತ್ತು. ಆದರೆ ಕಾನೂನು ಕಾಗದದಲ್ಲಿ ಉಳಿಯಿತು; ಆಡಳಿತ ಬೇರೆ ದಾರಿ ಹಿಡಿಯಿತು. 1874–75ರಲ್ಲಿ ಸ್ಲೋವಾಕ್ ಮಾಧ್ಯಮದ ಮೂರು ಪ್ರೌಢಶಾಲೆಗಳನ್ನು ಮುಚ್ಚಿಸಲಾಯಿತು. 1875ರಲ್ಲಿ ಅವರ ಸಾಹಿತ್ಯ ಸಂಸ್ಥೆಯಾದ ‘ಮಾತಿತ್ಸ ಸ್ಲೊವೆನ್ಸ್ಕ’ವನ್ನೂ ಮುಚ್ಚಿಸಲಾಯಿತು. 1879ರಲ್ಲಿ ಎಲ್ಲ ಪ್ರಾಥಮಿಕ ಶಾಲೆಗಳಲ್ಲಿ ಹಂಗೇರಿಯನ್ ಕಡ್ಡಾಯ ವಿಷಯವಾಯಿತು. 1891ರಲ್ಲಿ ಶಿಶುವಿಹಾರದ ಮಕ್ಕಳಿಗೂ ಆ ಭಾಷೆಯ ಪರಿಚಯ ಮಾಡಿಸಬೇಕೆಂದಾಯಿತು.

ಕೊನೆಗೆ 1907ರಲ್ಲಿ ಬಂದದ್ದು ಅಂದಿನ ಶಿಕ್ಷಣ ಮಂತ್ರಿ ಕೌಂಟ್ ಆಲ್ಬರ್ಟ್ ಅಪ್ಪೋನಿಯ ಹೆಸರಿನಿಂದ ಪ್ರಸಿದ್ಧವಾದ ಕಾನೂನು. ಅಧ್ಯಾಪಕನಾದ ನನಗೆ ಈ ಕಾನೂನಿನ ಜಾಣತನ ತಟ್ಟನೆ ಅರ್ಥವಾಗುತ್ತದೆ. ಅದು ಯಾವ ಭಾಷೆಯನ್ನೂ ನಿಷೇಧಿಸಲಿಲ್ಲ. ಸ್ಲೋವಾಕ್ ಮತ್ತು ರುಮೇನಿಯನ್ ಹಳ್ಳಿಗಳ ಶಾಲೆಗಳನ್ನು ಹೆಚ್ಚಾಗಿ ಅಲ್ಲಿನ ಚರ್ಚುಗಳೇ ನಡೆಸುತ್ತಿದ್ದವು. ಕಾನೂನು ಅಧ್ಯಾಪಕರ ಕನಿಷ್ಠ ಸಂಬಳವನ್ನು ಏರಿಸಿತು. ಬಡ ಚರ್ಚುಗಳಿಗೆ ಅಷ್ಟು ಸಂಬಳ ಕೊಡಲು ಶಕ್ತಿಯಿರಲಿಲ್ಲ. ಸರಕಾರದ ಅನುದಾನ ಬೇಕಾಯಿತು. ಅನುದಾನ ಬೇಕಾದರೆ ಸರಕಾರದ ಷರತ್ತುಗಳಿಗೆ ಒಪ್ಪಬೇಕು. ಹಂಗೇರಿಯನ್ ಮಾತೃಭಾಷೆಯಲ್ಲದ ಮಗುವೂ ನಾಲ್ಕನೆಯ ವರ್ಷದ ಕೊನೆಗೆ ತನ್ನ ವಿಚಾರವನ್ನು ಹಂಗೇರಿಯನ್ ಭಾಷೆಯಲ್ಲಿ ಆಡಿ, ಬರೆದು ತಿಳಿಸಬಲ್ಲುದಾಗಬೇಕು. ಆಗದಿದ್ದರೆ ಅಧ್ಯಾಪಕ ಹೊಣೆ. ಹೀಗೆ ಸಂಬಳದ ಹಗ್ಗ ಹಿಡಿದು ಭಾಷೆಯನ್ನು ಎಳೆಯಲಾಯಿತು. ನೊಬೆಲ್ ಪುರಸ್ಕೃತನಾದ ನಾರ್ವೆಯ ಲೇಖಕ ಬ್ಯೋರ್ನ್‌ಸನ್ ಅದೇ ವರ್ಷ ಅಪ್ಪೋನಿಯ ವಿರುದ್ಧ ಬರೆದನು. ಮರುವರ್ಷ ಬ್ರಿಟನ್ನಿನ ಸೀಟನ್–ವಾಟ್ಸನ್ ಎಂಬ ವಿದ್ವಾಂಸ ಹಂಗೇರಿಯ ಅಲ್ಪಸಂಖ್ಯಾತರ ಸ್ಥಿತಿಯನ್ನು ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. 1919ರಲ್ಲಿ ಪ್ಯಾರಿಸ್ಸಿನಲ್ಲಿ ಗಡಿಗಳ ಚರ್ಚೆ ನಡೆಯುವಾಗ ಆತ ಅಲ್ಲಿಯೇ ಇದ್ದ. ಅಂದರೆ ಹಂಗೇರಿಯ ವಿರುದ್ಧದ ಆರೋಪಪಟ್ಟಿಯ ಒಂದು ಮುಖ್ಯ ಭಾಗ ಯುದ್ಧಕ್ಕೆ ಏಳು ವರ್ಷ ಮೊದಲೇ, ಹಳ್ಳಿಯ ಶಾಲೆಗಳ ವಿಷಯವಾಗಿ, ಸಿದ್ಧವಾಗಿತ್ತು.

ಆದುದರಿಂದ 1918ರ ಅಕ್ಟೋಬರದಲ್ಲಿ ಸ್ಲೋವಾಕ್ ಮುಖಂಡರು, ಡಿಸೆಂಬರದಲ್ಲಿ ಟ್ರಾನ್ಸಿಲ್ವೇನಿಯದ ರುಮೇನಿಯನ್ನರು ಸಭೆ ಸೇರಿ ‘ನಾವು ಇನ್ನು ಹಂಗೇರಿಯಲ್ಲಿ ಇರುವುದಿಲ್ಲ’ ಎಂದು ಘೋಷಿಸಿದ್ದನ್ನು ಗೆದ್ದವರ ಪಿತೂರಿ ಎಂದು ತಳ್ಳಿಹಾಕುವಂತಿಲ್ಲ. ಹಂಗೇರಿ ಕಳೆದುಕೊಂಡ ನೆಲದಲ್ಲಿ ಇದ್ದ ಸುಮಾರು ಒಂದು ಕೋಟಿ ಜನರಲ್ಲಿ ಹಂಗೇರಿಯನ್ನರು ಹತ್ತಕ್ಕೆ ಮೂವರು ಮಾತ್ರ. ಹಳೆಯ ರಾಜ್ಯ ಒಡೆದದ್ದರಲ್ಲಿ ಒಂದು ನ್ಯಾಯವಿತ್ತು. ಇದು ನನ್ನ ಮೊದಲ ಉತ್ತರ.

ಎರಡನೆಯ ಪ್ರಶ್ನೆಗೆ ಬಂದರೆ ಚಿತ್ರ ಬೇರೆಯಾಗುತ್ತದೆ. 1919ರಲ್ಲಿ ಹಂಗೇರಿಯೊಳಗೆ ಕ್ರಾಂತಿ, ಪ್ರತಿಕ್ರಾಂತಿ, ರುಮೇನಿಯದ ಸೈನ್ಯದಿಂದ ರಾಜಧಾನಿಯ ಆಕ್ರಮಣ, ಹೀಗೆ ಒಂದರ ಮೇಲೊಂದು ನಡೆದವು. ಅದರ ನಿಯೋಗ ಪ್ಯಾರಿಸ್ಸಿಗೆ ಬಂದದ್ದು 1920ರ ಜನವರಿಯಲ್ಲಿ. ಗಡಿಗಳನ್ನು ಸಮಿತಿಗಳು ಗೆರೆ ಎಳೆದು, ಮೇಲಿನವರು ಒಪ್ಪಿ ಮುಗಿಸಿದ್ದು 1919ರ ಮಧ್ಯಭಾಗದೊಳಗೆ. ಅಂದರೆ ತೀರ್ಪು ಬರೆದಿಟ್ಟು ಆರು ತಿಂಗಳಾದ ಮೇಲೆ ಪ್ರತಿವಾದಿಯನ್ನು ಕರೆದು ‘ಏನಾದರೂ ಹೇಳುವುದಿದೆಯೇ’ ಎಂದು ಕೇಳಿದರು. ಯಾವ ಊರಿನ ಪಂಚಾಯತಿಕೆಯಲ್ಲಿಯೂ ಇದನ್ನು ನ್ಯಾಯ ಎನ್ನುವುದಿಲ್ಲ.

ಗೆರೆ ಎಳೆದ ರೀತಿಯೂ ಹಾಗೆಯೇ. ‘ಜನರ ಸ್ವಯಂನಿರ್ಣಯ’ ಎಂಬ ದೊಡ್ಡ ತತ್ತ್ವವನ್ನು ಲೋಕಕ್ಕೆ ಹೇಳಿದವರು, ಭಾಷೆಯ ಗೆರೆ ಒಂದು ಕಡೆ, ರೈಲಿನ ಹಳಿ ಇನ್ನೊಂದು ಕಡೆ ಇದ್ದಾಗ ಹಳಿಯನ್ನೇ ಅನುಸರಿಸಿದರು. ಸಾತ್ಮಾರ್, ನಾಜ್‌ವಾರಾದ್, ಅರಾದ್ ಪಟ್ಟಣಗಳನ್ನು ಜೋಡಿಸುವ ರೈಲುದಾರಿ ರುಮೇನಿಯಕ್ಕೆ ಬೇಕು ಎಂಬ ಕಾರಣಕ್ಕೆ ಆ ಪಟ್ಟಣಗಳ ಹಂಗೇರಿಯನ್ ಜನರೂ ಜೊತೆಗೆ ಹೋದರು. ಜೆಕೊಸ್ಲೊವಾಕಿಯಕ್ಕೆ ಡ್ಯಾನ್ಯೂಬ್ ನದಿಯ ದಡ ಬೇಕು ಎಂಬ ಕಾರಣಕ್ಕೆ, ಬಹುತೇಕ ಪೂರ್ತಿ ಹಂಗೇರಿಯನ್ನರೇ ಇದ್ದ ಚಾಲ್ಲೋಕೋಜ್ ಪ್ರದೇಶ ಅದಕ್ಕೆ ಹೋಯಿತು. ಕೊಮಾರೋಮ್ ಪಟ್ಟಣವನ್ನು ನದಿಯ ನಡುವೆ ಸೀಳಲಾಯಿತು. ಶಾತೋರಾಲ್ಯಾಉಯ್‌ಹೆಲಿ ಎಂಬ ಊರಿನಲ್ಲಿ ಒಂದು ಸಣ್ಣ ತೊರೆಯೇ ಅಂತಾರಾಷ್ಟ್ರೀಯ ಗಡಿಯಾಯಿತು. ಊರು ಹಂಗೇರಿಯಲ್ಲಿ ಉಳಿದರೆ ಅದರ ರೈಲು ನಿಲ್ದಾಣ ಜೆಕೊಸ್ಲೊವಾಕಿಯಕ್ಕೆ ಹೋಯಿತು. 1916ರಲ್ಲಿ ರುಮೇನಿಯವನ್ನು ಯುದ್ಧಕ್ಕೆ ಎಳೆಯಲು ಮಿತ್ರರಾಷ್ಟ್ರಗಳು ಗುಟ್ಟಿನಲ್ಲಿ ಕೊಟ್ಟಿದ್ದ ಭಾಷೆಯ ನೆರಳೂ ಈ ಗೆರೆಯ ಮೇಲೆ ಬಿದ್ದಿತ್ತು.

ಈಗ ಹಂಗೇರಿಯ ನಿಯೋಗದ ನಾಯಕ ಯಾರು ಎಂದು ಕೇಳಿ. ಅದೇ ಕೌಂಟ್ ಅಪ್ಪೋನಿ! 1920ರ ಜನವರಿ 16ರಂದು ಆ ಎಪ್ಪತ್ತಮೂರರ ಮುದುಕ ಮಿತ್ರರಾಷ್ಟ್ರಗಳ ಮುಖಂಡರ ಮುಂದೆ ನಿಂತು, ಫ್ರೆಂಚಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಮಾತನಾಡಿ, ಇಟಾಲಿಯನ್ನಿನಲ್ಲಿ ಮುಗಿಸಿದನು. ‘ಈ ಜನರನ್ನು ಕೇಳಿ, ಜನಮತಗಣನೆ ಮಾಡಿ, ಅವರು ಏನು ಹೇಳಿದರೂ ನಾವು ತಲೆಬಾಗುತ್ತೇವೆ’ ಎಂಬುದು ಅವನ ವಾದದ ತಿರುಳು. ಭೂಗೋಳ ವಿದ್ವಾಂಸ ಪಾಲ್ ತೆಲೆಕಿ ಸಿದ್ಧಪಡಿಸಿದ್ದ, ಹಂಗೇರಿಯನ್ನರು ಇರುವಲ್ಲೆಲ್ಲ ಕೆಂಪು ಬಣ್ಣ ತುಂಬಿದ ಭೂಪಟವನ್ನು ತೋರಿಸಲಾಯಿತು. ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ಕೂಡ ಆ ಕೆಂಪು ಗಡಿಯಾಚೆ ಅಷ್ಟೊಂದು ಹರಡಿರುವುದನ್ನು ಕಂಡು ಪ್ರಶ್ನೆ ಕೇಳಿದನು.

ಅವನ ಬೇಡಿಕೆ ನ್ಯಾಯವಾದದ್ದೇ. ಆದರೆ ಅದೇ ಭಾಷಣದಲ್ಲಿ ಅಪ್ಪೋನಿ ಇನ್ನೊಂದು ವಾದವನ್ನೂ ಹೂಡಿದನು: ಹಂಗೇರಿಯನ್ನರಲ್ಲಿ ಅಕ್ಷರಸ್ಥರು ಹೆಚ್ಚು, ರುಮೇನಿಯನ್ನರಲ್ಲಿ ಬಹಳ ಕಡಿಮೆ, ಮೇಲಿನ ಸಂಸ್ಕೃತಿಯವರನ್ನು ಕೆಳಗಿನವರ ಕೈಗೆ ಒಪ್ಪಿಸುತ್ತಿದ್ದೀರಿ ಎಂದು ಅಂಕಿಗಳನ್ನು ಮುಂದಿಟ್ಟನು. ಅವನ ಎದುರಿಗೆ ಇದ್ದವರಲ್ಲಿ ಯಾರಾದರೊಬ್ಬರು ‘ಆ ಮಕ್ಕಳು ಇಷ್ಟು ವರ್ಷ ಯಾರ ರಾಜ್ಯದಲ್ಲಿದ್ದರು? ಅವರಿಗೆ ತಮ್ಮ ಭಾಷೆಯಲ್ಲಿ ಅಕ್ಷರ ಕಲಿಸುವ ಹೊಣೆ ಯಾರದಾಗಿತ್ತು?’ ಎಂದು ಕೇಳಿದ್ದರೆ ಅವನಲ್ಲಿ ಉತ್ತರವಿರುತ್ತಿರಲಿಲ್ಲ. ಹದಿಮೂರು ವರ್ಷದ ಹಿಂದೆ ತಾನು ಯಾರಿಗೆ ಕೊಡಲಿಲ್ಲವೋ ಅವರೊಡನೆ ಅವನು ಈಗ ತನ್ನವರಿಗಾಗಿ ಕೇಳುತ್ತಿದ್ದನು.

1920ರ ಮೇ ತಿಂಗಳಲ್ಲಿ ಬಂದ ಉತ್ತರ ನಿಷ್ಠುರವಾಗಿತ್ತು: ಜನಮತಗಣನೆ ಬೇಕಿಲ್ಲ, ಮಾಡಿದರೂ ಫಲಿತಾಂಶ ಬೇರೆಯಾಗದು; ಒಂದು ಸ್ಥಿತಿ ಸಾವಿರ ವರ್ಷ ಹಳೆಯದಾದ ಮಾತ್ರಕ್ಕೆ ನ್ಯಾಯವಾಗದು. ಈ ಕೊನೆಯ ಮಾತು ಸತ್ಯ. ಮೊದಲನೆಯದು ಎಷ್ಟರಮಟ್ಟಿಗೆ ಸತ್ಯವೆಂದು ಪರೀಕ್ಷಿಸುವ ಅವಕಾಶ ಒಂದೇ ಒಂದು ಕಡೆ ಸಿಕ್ಕಿತು. ಆಸ್ಟ್ರಿಯಕ್ಕೆ ಹೋಗಬೇಕಾಗಿದ್ದ ಶೋಪ್ರೋನ್ ಪಟ್ಟಣದಲ್ಲಿಯೂ ಅದರ ಸುತ್ತಲಿನ ಎಂಟು ಹಳ್ಳಿಗಳಲ್ಲಿಯೂ 1921ರ ಡಿಸೆಂಬರದಲ್ಲಿ ಜನಮತ ಕೇಳಲಾಯಿತು. ಸುಮಾರು ಶೇಕಡಾ 65 ಮಂದಿ ಹಂಗೇರಿಯನ್ನು ಆರಿಸಿದರು. ಅವರಲ್ಲಿ ಜರ್ಮನ್ ಮಾತನಾಡುವವರೂ ಇದ್ದರು. ಭಾಷೆಯೊಂದರಿಂದಲೇ ಜನರ ಮನಸ್ಸನ್ನು ಊಹಿಸಲಾಗದು, ಕೇಳಿಯೇ ತಿಳಿಯಬೇಕು ಎಂಬುದಕ್ಕೆ ಇಷ್ಟು ಸಾಕು. ಜರ್ಮನಿಯ ಗಡಿಯಲ್ಲಿ ಶ್ಲೆಸ್ವಿಗ್, ಅಲೆನ್‌ಸ್ಟೈನ್, ಮೇಲಿನ ಸೈಲೀಸಿಯಗಳಲ್ಲಿ ಜನಮತ ಕೇಳಿದವರು ಹಂಗೇರಿಯಲ್ಲಿ ಉಳಿದೆಲ್ಲ ಕಡೆ ಕೇಳಲಿಲ್ಲ. ಆದುದರಿಂದ ವಿಧಾನ ಅನ್ಯಾಯದ್ದು. ಇದು ನನ್ನ ಎರಡನೆಯ ಉತ್ತರ.

ಇಲ್ಲಿಯವರೆಗೆ ಬಂದು ನಿಂತರೆ ಇದು ಸಾಮಾನ್ಯ ಚರಿತ್ರೆ. ನಮಗೆ ಮುಖ್ಯವಾದದ್ದು ಮೂರನೆಯ ಪ್ರಶ್ನೆ. ಹೇಗೇ ಗೆರೆ ಎಳೆದರೂ ಕೆಲವರು ತಪ್ಪು ಬದಿಯಲ್ಲಿ ಉಳಿಯುತ್ತಾರೆ ಎಂಬುದು ಪ್ಯಾರಿಸ್ಸಿನಲ್ಲಿ ಕುಳಿತವರಿಗೂ ಗೊತ್ತಿತ್ತು. ಅದಕ್ಕೆ ಪರಿಹಾರವಾಗಿ ಅವರು ‘ಅಲ್ಪಸಂಖ್ಯಾತರ ಒಪ್ಪಂದ’ಗಳನ್ನು ಮಾಡಿದರು. ಮೊದಲನೆಯದಕ್ಕೆ ಪೋಲೆಂಡ್ ಸಹಿ ಮಾಡಿದ್ದು ವರ್ಸೇಲ್ಸ್ ಒಪ್ಪಂದದ ದಿನವೇ, 1919ರ ಜೂನ್ 28ರಂದು. ಆಮೇಲೆ ಜೆಕೊಸ್ಲೊವಾಕಿಯ, ರುಮೇನಿಯ ಮೊದಲಾದವು ಸಹಿ ಮಾಡಿದವು. ಸೋತ ಹಂಗೇರಿಗೂ ಅದೇ ಕಟ್ಟಳೆಗಳನ್ನು ಟ್ರಿಯಾನಾನ್ ಒಪ್ಪಂದದೊಳಗೆ ಸೇರಿಸಲಾಯಿತು. ಅವುಗಳಲ್ಲಿ ಶಾಲೆಯ ಕಟ್ಟಳೆ ಹೀಗಿದೆ: ಬೇರೆ ಭಾಷೆಯ ಪ್ರಜೆಗಳು ಗಣನೀಯ ಸಂಖ್ಯೆಯಲ್ಲಿರುವ ಪಟ್ಟಣಗಳಲ್ಲಿಯೂ ಜಿಲ್ಲೆಗಳಲ್ಲಿಯೂ ಪ್ರಾಥಮಿಕ ಶಾಲೆಯಲ್ಲಿ ಅವರ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಪಾಠ ದೊರೆಯುವಂತೆ ರಾಜ್ಯವು ಸಾಕಷ್ಟು ಸೌಲಭ್ಯ ಒದಗಿಸಬೇಕು, ರಾಜ್ಯಭಾಷೆಯನ್ನು ಕಡ್ಡಾಯ ವಿಷಯವಾಗಿ ಕಲಿಸಲು ರಾಜ್ಯಕ್ಕೆ ಅಧಿಕಾರವಿದೆ, ಸಾರ್ವಜನಿಕ ಹಣದಲ್ಲಿ ಈ ಮಕ್ಕಳಿಗೂ ನ್ಯಾಯವಾದ ಪಾಲು ಸಿಗಬೇಕು.

ಓದುಗರೇ, ನಮ್ಮ ಸಂವಿಧಾನದ 350ಎ ವಿಧಿಯನ್ನು ಒಮ್ಮೆ ತೆಗೆದು ಇದರ ಪಕ್ಕದಲ್ಲಿಟ್ಟು ನೋಡಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠ ಹೇಳಲು ‘ಸಾಕಷ್ಟು ಸೌಲಭ್ಯ’ ಎಂಬ ಮಾತು ಎರಡೂ ಕಡೆ ಇದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ, ಏಳನೆಯ ತಿದ್ದುಪಡಿಯ ಮೂಲಕ ಆ ವಿಧಿ ನಮ್ಮ ಸಂವಿಧಾನಕ್ಕೆ ಸೇರಿತು. ಗೆರೆ ಎಳೆಯುವಾಗ ಶಾಲೆಯ ಮಾತನ್ನೂ ಜೊತೆಗೇ ಬರೆದಿಡಬೇಕು ಎಂಬ ವಿವೇಕ ಅಲ್ಲಿಯೂ ಇತ್ತು, ಇಲ್ಲಿಯೂ ಇತ್ತು.

ಅಲ್ಲಿ ಆ ಮಾತು ಏನಾಯಿತು? ಜೆಕೊಸ್ಲೊವಾಕಿಯ 1920ರಲ್ಲಿ ಭಾಷಾ ಕಾನೂನು ಮಾಡಿ, ಒಂದು ನ್ಯಾಯಾಂಗ ಜಿಲ್ಲೆಯಲ್ಲಿ ಶೇಕಡಾ 20ರಷ್ಟು ಜನರಿರುವ ಅಲ್ಪಸಂಖ್ಯಾತರಿಗೆ ಕಚೇರಿಗಳಲ್ಲಿ ತಮ್ಮ ಭಾಷೆ ಬಳಸುವ ಹಕ್ಕು ಕೊಟ್ಟಿತು. ನೂರಾರು ಹಂಗೇರಿಯನ್ ಪ್ರಾಥಮಿಕ ಶಾಲೆಗಳು ಅಲ್ಲಿ ನಡೆದವು. ಉಳಿದವರಿಗೆ ಹೋಲಿಸಿದರೆ ಅದು ಒಳ್ಳೆಯ ನಡತೆ. ಆದರೂ ಪೋಜೋನಿಯ (ಇಂದಿನ ಬ್ರಾಟಿಸ್ಲಾವ) ಹಂಗೇರಿಯನ್ ವಿಶ್ವವಿದ್ಯಾನಿಲಯ ಉಳಿಯಲಿಲ್ಲ. ಅದು ಕೊನೆಗೆ ಹಂಗೇರಿಯ ಪೇಚ್ ನಗರದಲ್ಲಿ ನೆಲೆಸಿತು. ರುಮೇನಿಯದ ಕೈಸೇರಿದ ಕೊಲೋಜ್‌ವಾರ್ ವಿಶ್ವವಿದ್ಯಾನಿಲಯದ ಅಧ್ಯಾಪಕರು ಹೊಸ ರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಹೊರಬಿದ್ದರು. ಆ ವಿಶ್ವವಿದ್ಯಾನಿಲಯ ಸೆಗೆದ್ ನಗರದಲ್ಲಿ ಮತ್ತೆ ಆರಂಭವಾಯಿತು. ನಾಲ್ಕೈದು ವರ್ಷಗಳಲ್ಲಿ ಸುಮಾರು ಮೂರೂವರೆ ಲಕ್ಷ ಹಂಗೇರಿಯನ್ನರು ಕುಗ್ಗಿದ ಹಂಗೇರಿಗೆ ಬಂದರು. ಅವರಲ್ಲಿ ಗುಮಾಸ್ತರು, ಅಧಿಕಾರಿಗಳು, ಅಧ್ಯಾಪಕರು ಬಹಳ. ಮನೆ ಸಿಗದೆ ಎಷ್ಟೋ ಸಂಸಾರಗಳು ನಿಲ್ದಾಣಗಳಲ್ಲಿ ನಿಂತ ಸರಕು ಸಾಗಣೆಯ ರೈಲು ಡಬ್ಬಿಗಳಲ್ಲಿಯೇ ತಿಂಗಳುಗಟ್ಟಲೆ ವಾಸಿಸಿದವು. ಒಂದು ಸಮುದಾಯದ ಅಧ್ಯಾಪಕರೇ ಎದ್ದು ಹೋದ ಮೇಲೆ ಆ ಸಮುದಾಯದ ಶಾಲೆ ಎಷ್ಟು ದಿನ ನಡೆದೀತು?

ರುಮೇನಿಯದಲ್ಲಿ ನಡೆದದ್ದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 1924ರ ಪ್ರಾಥಮಿಕ ಶಿಕ್ಷಣ ಕಾನೂನಿನಲ್ಲಿ ‘ಸಾಂಸ್ಕೃತಿಕ ವಲಯ’ ಎಂಬುದೊಂದು ಬಂತು. ಅಲ್ಪಸಂಖ್ಯಾತರು ಹೆಚ್ಚಿರುವ ಜಿಲ್ಲೆಗಳಿಗೆ ಹೋಗಿ ರುಮೇನಿಯನ್ ಭಾಷೆಯಲ್ಲಿ ಪಾಠ ಹೇಳುವ ಅಧ್ಯಾಪಕರಿಗೆ ಸಂಬಳದಲ್ಲಿ ಅರ್ಧದಷ್ಟು ಹೆಚ್ಚಳ! ಮೂಲತಃ ರುಮೇನಿಯನ್ನರಾಗಿದ್ದು ‘ಮಾತೃಭಾಷೆ ಮರೆತವರು’ ಎಂದು ಯಾರನ್ನು ಪರಿಗಣಿಸಲಾಯಿತೋ ಅವರ ಮಕ್ಕಳು ರುಮೇನಿಯನ್ ಶಾಲೆಗೇ ಹೋಗಬೇಕು. ಮರುವರ್ಷದ ಕಾನೂನಿನಂತೆ ಚರ್ಚುಗಳು ನಡೆಸುವ ಹಂಗೇರಿಯನ್ ಶಾಲೆಗಳಲ್ಲಿಯೂ ಚರಿತ್ರೆ, ಭೂಗೋಳಗಳನ್ನು ರುಮೇನಿಯನ್ನಿನಲ್ಲಿಯೇ ಕಲಿಸಬೇಕು. 1907ರಲ್ಲಿ ಅಪ್ಪೋನಿ ಹಿಡಿದಿದ್ದ ಸಂಬಳದ ಹಗ್ಗವನ್ನೇ ರುಮೇನಿಯ ಈಗ ಇನ್ನೊಂದು ತುದಿಯಿಂದ ಹಿಡಿದಿತ್ತು. ಆ ಕಾನೂನಿನ ಕೆಳಗೆ ನೊಂದವರೇ ಅಧಿಕಾರ ಬಂದಾಗ ಅದನ್ನು ಪಾಠವೆಂದು ಕಲಿಯದೆ ಮಾದರಿಯೆಂದು ಕಲಿತರು.

ದೂರು ಕೊಡಲು ಜಿನೀವಾದಲ್ಲಿ ರಾಷ್ಟ್ರಸಂಘವಿತ್ತು. ಆದರೆ ಅರ್ಜಿ ಕೊಟ್ಟವನಿಗೆ ಅಲ್ಲಿ ವಾದಿಯ ಸ್ಥಾನವಿರಲಿಲ್ಲ. ಅವನ ಕಾಗದ ಮೂವರ ಸಮಿತಿಯೊಂದರ ಮುಂದೆ ಹೋಗುತ್ತಿತ್ತು, ಮುಂದೇನಾಯಿತು ಎಂಬುದು ಹೆಚ್ಚಾಗಿ ಅವನಿಗೆ ತಿಳಿಯುತ್ತಿರಲಿಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ ಈ ಕಟ್ಟಳೆಗಳು ಹೊಸ ಮತ್ತು ಸಣ್ಣ ರಾಷ್ಟ್ರಗಳಿಗೆ ಮಾತ್ರ. ಗೆದ್ದ ದೊಡ್ಡ ರಾಷ್ಟ್ರಗಳಿಗೆ ಅನ್ವಯವೇ ಇಲ್ಲ. ಆಸ್ಟ್ರಿಯದಿಂದ ದಕ್ಷಿಣ ಟಿರೋಲನ್ನು ಪಡೆದ ಇಟಲಿ 1923ರಿಂದ ಅಲ್ಲಿಯ ಶಾಲೆಗಳಲ್ಲಿ ಜರ್ಮನ್ ಭಾಷೆಯನ್ನು ವರ್ಷಕ್ಕೊಂದು ತರಗತಿಯಂತೆ ಕಿತ್ತುಹಾಕಿತು. ಜಿನೀವಾ ಏನೂ ಮಾಡಲಾಗಲಿಲ್ಲ. ಅಲ್ಲಿಯ ಜನ ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ಮಕ್ಕಳಿಗೆ ಜರ್ಮನ್ ಅಕ್ಷರ ಕಲಿಸಿದರು. ತನಗಿಲ್ಲದ ಕಟ್ಟಳೆಯನ್ನು ಇತರರಿಗೆ ವಿಧಿಸಿದರೆ ಅದಕ್ಕೆ ಮರ್ಯಾದೆ ಉಳಿಯದು. 1934ರಲ್ಲಿ ಪೋಲೆಂಡ್ ಇದನ್ನೇ ಹೇಳಿ, ಎಲ್ಲರಿಗೂ ಅನ್ವಯಿಸುವವರೆಗೆ ಸಹಕರಿಸುವುದಿಲ್ಲವೆಂದು ಕೈತೊಳೆದುಕೊಂಡಿತು.

ಆದರೂ ಆ ವ್ಯವಸ್ಥೆಯಿಂದ ಒಂದು ಒಳ್ಳೆಯ ಮಾತು ಉಳಿದಿದೆ. ಆಲ್ಬೇನಿಯ 1933ರಲ್ಲಿ ದೇಶದ ಎಲ್ಲ ಖಾಸಗಿ ಶಾಲೆಗಳನ್ನೂ ಮುಚ್ಚಿತು. ಗ್ರೀಕ್ ಅಲ್ಪಸಂಖ್ಯಾತರು ದೂರಿದಾಗ, ‘ಎಲ್ಲರದನ್ನೂ ಮುಚ್ಚಿದ್ದೇವೆ, ಹಾಗಾಗಿ ತಾರತಮ್ಯವಿಲ್ಲ’ ಎಂದು ವಾದಿಸಿತು. 1935ರ ಏಪ್ರಿಲ್ 6ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಬಹುಸಂಖ್ಯಾತರಿಗೆ ಸರಕಾರಿ ಶಾಲೆಯೇ ತಮ್ಮ ಶಾಲೆ. ಅಲ್ಪಸಂಖ್ಯಾತರಿಗೆ ಖಾಸಗಿ ಶಾಲೆ ಹೋದರೆ ಎಲ್ಲವೂ ಹೋಯಿತು. ಕಾನೂನಿನ ಸಮಾನತೆ ಬೇರೆ, ವಾಸ್ತವದ ಸಮಾನತೆ ಬೇರೆ. ಎರಡೂ ಬೇಕು ಎಂಬುದು ಅದರ ಅಭಿಪ್ರಾಯದ ಸಾರ. ‘ಎಲ್ಲ ಶಾಲೆಗಳಿಗೂ ಒಂದೇ ನಿಯಮ’ ಎಂದು ಅಧಿಕಾರಿಗಳು ಹೇಳಿದಾಗ ನಾನು ಎಷ್ಟೋ ಸಲ ಇದನ್ನು ನೆನೆದಿದ್ದೇನೆ.

ಇತ್ತ ಸೋತ ಹಂಗೇರಿ ಏನು ಮಾಡಿತು? ಉಳಿದ ನೆಲದಲ್ಲಿ ತನ್ನ ಅಲ್ಪಸಂಖ್ಯಾತರನ್ನು ಚೆನ್ನಾಗಿ ನಡೆಸಿ ಲೋಕಕ್ಕೆ ತೋರಿಸಬಹುದಿತ್ತು. ಅದರ ಬದಲು ಹಳೆಯ ಹಂಗೇರಿ ಮತ್ತೆ ಎದ್ದು ಬರಲಿ ಎಂಬ ಪ್ರಾರ್ಥನೆಯನ್ನು ಮಕ್ಕಳಿಂದ ಶಾಲೆಯಲ್ಲಿ ದಿನವೂ ಹೇಳಿಸಿತು. ಒಂದು ತಲೆಮಾರು ಹಾಗೆಯೇ ಬೆಳೆಯಿತು. 1938ರಲ್ಲಿ ಮತ್ತು 1940ರಲ್ಲಿ ಜರ್ಮನಿ, ಇಟಲಿಗಳು ವಿಯೆನ್ನಾದಲ್ಲಿ ಕುಳಿತು ಕಳೆದ ನೆಲದ ಒಂದಷ್ಟನ್ನು ಮರಳಿ ಕೊಡಿಸಿದವು. ಅದರೊಡನೆ ಹತ್ತು ಲಕ್ಷಕ್ಕೂ ಹೆಚ್ಚು ರುಮೇನಿಯನ್ನರು ಮತ್ತೆ ಹಂಗೇರಿಯ ಕೆಳಗೆ ಬಂದರು. ಈ ದಾನಕ್ಕೆ ಬೆಲೆ ತೆರಬೇಕಾಗಿತ್ತು. ಕೆಂಪು ಭೂಪಟ ಬರೆದಿದ್ದ ಪಾಲ್ ತೆಲೆಕಿ ಆಗ ಪ್ರಧಾನಮಂತ್ರಿ. ತಾನೇ ಕೆಲವು ತಿಂಗಳ ಹಿಂದೆ ಸ್ನೇಹದ ಒಪ್ಪಂದ ಮಾಡಿಕೊಂಡಿದ್ದ ಯುಗೊಸ್ಲಾವಿಯದ ಮೇಲೆ ಜರ್ಮನಿಯೊಡನೆ ದಂಡೆತ್ತಿ ಹೋಗಬೇಕಾದಾಗ, 1941ರ ಏಪ್ರಿಲ್ 3ರ ಬೆಳಗ್ಗೆ ಆತ ಗುಂಡು ಹಾರಿಸಿಕೊಂಡು ಸತ್ತನು. 1944ರ ಬೇಸಗೆಯಲ್ಲಿ ಮರಳಿ ಪಡೆದ ಉತ್ತರ ಟ್ರಾನ್ಸಿಲ್ವೇನಿಯದ ಯೆಹೂದಿಗಳನ್ನು ರೈಲುಗಳಲ್ಲಿ ತುಂಬಿ ಆಶ್ವಿಟ್ಜ್‌ಗೆ ಕಳುಹಿಸಲಾಯಿತು. 1947ರ ಫೆಬ್ರವರಿಯ ಪ್ಯಾರಿಸ್ ಒಪ್ಪಂದ ಟ್ರಿಯಾನಾನಿನ ಗಡಿಯನ್ನೇ ಬಹುಮಟ್ಟಿಗೆ ಮತ್ತೆ ಸ್ಥಾಪಿಸಿತು. ಅಷ್ಟೆಲ್ಲ ರಕ್ತ ಹರಿದ ಮೇಲೆ ಗೆರೆ ಇದ್ದಲ್ಲಿಯೇ ಉಳಿಯಿತು. ಅದೇ ಕಾಲಕ್ಕೆ ಸ್ಲೋವಾಕಿಯದಲ್ಲಿ ಹಂಗೇರಿಯನ್ನರ ಪೌರತ್ವ ಹೋಗಿ, ಅವರ ಶಾಲೆಗಳೂ ಕೆಲವು ವರ್ಷ ಬೀಗ ಹಾಕಿಸಿಕೊಂಡವು.

ಹಾಗಾದರೆ ನನ್ನ ತೀರ್ಮಾನ ಇಷ್ಟು. ಹಳೆಯ ರಾಜ್ಯ ಒಡೆದದ್ದು ಅನ್ಯಾಯವಲ್ಲ. ಕೇಳದೆ ಗೆರೆ ಎಳೆದದ್ದು ಅನ್ಯಾಯ. ಆದರೆ ಆ ಅನ್ಯಾಯವನ್ನು ಸಹ್ಯವಾಗಿಸುವ ಒಂದು ದಾರಿ ಒಪ್ಪಂದದೊಳಗೇ ಇತ್ತು. ಅದನ್ನು ಗೆದ್ದವರೂ ಸೋತವರೂ ಸೇರಿಯೇ ಹಾಳು ಮಾಡಿದರು. 1907ರ ಕಾನೂನನ್ನು ಬರೆದದ್ದು ಕೊಮಾರೋಮಿನ ಆರು ವರ್ಷದ ಹುಡುಗನಲ್ಲ. ಅದಕ್ಕೆ ದಂಡ ತೆತ್ತವನು ಅವನು. ಒಂದು ಶಾಂತಿ ನ್ಯಾಯವೇ ಅಲ್ಲವೇ ಎಂಬುದು ಸಹಿ ಹಾಕಿದ ದಿನ ಪೂರ್ತಿಯಾಗಿ ತೀರ್ಮಾನವಾಗುವುದಿಲ್ಲ. ಗಡಿಯ ಶಾಲೆ ಪ್ರತಿ ವರ್ಷ ಬಾಗಿಲು ತೆರೆಯುವಾಗ, ಒಳಗೆ ನಿಂತ ಅಧ್ಯಾಪಕನಿಗೆ ಎದುರು ಕುಳಿತ ಮಗುವಿನ ಮಾತು ತಿಳಿಯುತ್ತದೆಯೇ ಎಂಬುದರಿಂದ ಅದು ತೀರ್ಮಾನವಾಗುತ್ತ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಾವು ಯಾವ ಯುದ್ಧದಲ್ಲಿಯೂ ಸೋತವರಲ್ಲ. 1956ರಲ್ಲಿ ಎಳೆದದ್ದು ಒಂದೇ ದೇಶದೊಳಗಿನ ಆಡಳಿತದ ಗೆರೆ. ಎರಡೂ ಬದಿಗೆ ಒಂದೇ ಸಂವಿಧಾನ, ಒಂದೇ ನ್ಯಾಯಾಲಯ. ನಮ್ಮನ್ನು ಹಂಗೇರಿಯನ್ನರಿಗೆ ಹೋಲಿಸಿ ಕಣ್ಣೀರು ಹಾಕುವುದು ಅವರ ದುಃಖಕ್ಕೂ ನಮ್ಮ ಅದೃಷ್ಟಕ್ಕೂ ಮಾಡುವ ಅವಮಾನ. ಗೆರೆಯ ಜಗಳದಲ್ಲಿಯೇ ತಲೆಮಾರುಗಳನ್ನು ಕಳೆದು ಶಾಲೆಯನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಮಾತ್ರ ನಾವು ಅವರಿಂದ ಕಲಿಯಬೇಕು. ನನ್ನ ಸೇವೆಯ ಒಂದು ವರ್ಷ, ಕನ್ನಡವೇ ಬಾರದ ಅಧ್ಯಾಪಕರೊಬ್ಬರು ನಮ್ಮ ಕನ್ನಡ ಮಾಧ್ಯಮದ ತರಗತಿಗೆ ನೇಮಕಗೊಂಡು ಬಂದರು. ಒಳ್ಳೆಯ ಮನುಷ್ಯ, ತಪ್ಪು ಅವರದಲ್ಲ. ಮಕ್ಕಳು ಗಣಿತದ ಹೊತ್ತಿನಲ್ಲಿ ಹಲಗೆಯ ಮೇಲಿನ ಅಂಕಿಗಳನ್ನು ಮಾತ್ರ ನೋಡುತ್ತ ಮೂರು ತಿಂಗಳು ಕುಳಿತರು. ಹೆತ್ತವರು ಅರ್ಜಿ ಹಿಡಿದು ಅಲೆದರು. 350ಎ ವಿಧಿ ಆಗಲೂ ಪುಸ್ತಕದಲ್ಲಿತ್ತು. ಸೌಲಭ್ಯ ‘ಸಾಕಷ್ಟು’ ಎಂದು ಯಾರು ಅಳೆಯಬೇಕು ಎಂಬುದು ಮಾತ್ರ ಅದರಲ್ಲಿ ಬರೆದಿರಲಿಲ್ಲ. ಅಳೆಯಬೇಕಾದವರು ನಾವೇ, ಪಟ್ಟು ಬಿಡದೆ, ವರ್ಷವರ್ಷವೂ.

ಇನ್ನೊಂದು ಮಾತು ಕೆಲವರಿಗೆ ಕಹಿಯಾಗಬಹುದು. ಕರ್ನಾಟಕದೊಳಗೆ ಮರಾಠಿ, ತೆಲುಗು, ತಮಿಳು, ಮಲಯಾಳ, ಉರ್ದು ಮಾತೃಭಾಷೆಯ ಮಕ್ಕಳಿದ್ದಾರೆ. ಗಡಿಯಾಚೆ ನಮ್ಮ ಮಕ್ಕಳಿಗೆ ನಾವು ಏನು ಕೇಳುತ್ತೇವೆಯೋ ಅದನ್ನು ಗಡಿಯೊಳಗೆ ಅವರಿಗೂ ಕೊಡಬೇಕೆಂದು ಹೇಳುವ ಧೈರ್ಯ ನಮಗಿರಬೇಕು. ಇಲ್ಲದಿದ್ದರೆ ನಮ್ಮ ಅರ್ಜಿಯೂ ಅಪ್ಪೋನಿಯ ಭಾಷಣದಂತೆ ಆಗುತ್ತದೆ: ವಾದ ಸರಿ, ವಾದಿಯ ಕೈ ಶುದ್ಧವಿಲ್ಲ.

ಆ ಹುಡುಗಿಗೆ ನಾನು ಇಂದು ಹೇಳಬಹುದಾದ ಉತ್ತರ ಇದು: “ಸೋತವರು ಗೆದ್ದಿದ್ದರೆ ನ್ಯಾಯ ಮಾಡುತ್ತಿದ್ದರೋ ಎಂಬುದನ್ನು ಊಹಿಸಬೇಕಾಗಿಲ್ಲ ಮಗೂ, ಅಧಿಕಾರದಲ್ಲಿದ್ದಾಗ ಅವರು ನಡೆಸಿದ ಶಾಲೆಗಳನ್ನು ನೋಡಿದರೆ ಸಾಕು. ಗೆದ್ದವರನ್ನೂ ಹಾಗೆಯೇ ನೋಡು. ನಮ್ಮನ್ನೂ ಹಾಗೆಯೇ ನೋಡು.”

ಬರೆಹ ದೀರ್ಘವಾಯಿತು, ಕ್ಷಮೆಯಿರಲಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ತಾಳವಾಡಿ, ಹೊಸೂರು, ಆದವಾನಿ, ಮಡಕಶಿರಾ ಕಡೆಯ ಮಿತ್ರರಲ್ಲಿ ಒಂದು ವಿನಂತಿ. ಈ ಜೂನಿನಲ್ಲಿ ನಿಮ್ಮ ಊರಿನ ಕನ್ನಡ ಶಾಲೆಯ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದರು, ಅವರಿಗೆ ಪಾಠ ಹೇಳುವವರಿಗೆ ಕನ್ನಡ ಬರುತ್ತದೆಯೇ ಎಂಬ ಎರಡು ಸಂಗತಿಗಳನ್ನು ವಿಚಾರಿಸಿ ಬರೆಯಿರಿ. ಚರ್ಚೆಯನ್ನು ಅಲ್ಲಿಂದ ಮುಂದುವರಿಸೋಣ.